ಯಾರು ನಂಬುತ್ತಾರೆ ಅಂದೆಯಲ್ಲ

ಮಗೂ,

ಆಶೀರ್ವಾದಗಳು. ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಕಾಗದದ ಒಂದು ಸಾಲು ನನ್ನ ನಿದ್ದೆಗೆಡಿಸಿದೆ: ‘ಗುಪ್ತಚರ ವಿಭಾಗದಿಂದ ಬಂದವನನ್ನು ಸಂಧಾನದ ಮೇಜಿನಲ್ಲಿ ಯಾರು ನಂಬುತ್ತಾರೆ, ದೊಡ್ಡಪ್ಪ?’

ನನಗೆ ರಾಲ್ಫ್ ಬಂಚ್ ನೆನಪಾದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಓಎಸ್‌ಎಸ್‌ನಲ್ಲಿ ಆಫ್ರಿಕಾದ ವಿದ್ಯಮಾನ ನೋಡಿಕೊಳ್ಳುತ್ತಿದ್ದವರು. 1944ರಲ್ಲಿ ವಿದೇಶಾಂಗ ಇಲಾಖೆಗೆ ಹೋದರು, ಆಮೇಲೆ ವಿಶ್ವಸಂಸ್ಥೆಗೆ. 1948ರ ಸೆಪ್ಟೆಂಬರಿನಲ್ಲಿ, ಅರಬ್-ಇಸ್ರೇಲ್ ಯುದ್ಧ ನಿಲ್ಲಿಸಲು ವಿಶ್ವಸಂಸ್ಥೆ ಕಳಿಸಿದ್ದ ಮಧ್ಯಸ್ಥ ಬರ್ನಡಾಟ್ ಅವರನ್ನು ಜೆರುಸಲೇಮಿನಲ್ಲಿ ಗುಂಡಿಟ್ಟು ಕೊಂದಾಗ ಆ ಹೊಣೆ ಇವರ ಹೆಗಲಿಗೆ ಬಿತ್ತು. ರೋಡ್ಸ್ ದ್ವೀಪದ ಹೋಟೆಲಿನಲ್ಲಿ ಈಜಿಪ್ಟಿನವರನ್ನೂ ಇಸ್ರೇಲಿನವರನ್ನೂ ಕೂಡಿಸಿದರು. ದೊಡ್ಡ ತಕರಾರಿಗೆ ಮೊದಲೇ ಕೈಹಾಕಲಿಲ್ಲ. ಸಹಿ ಹಾಕುವುದು ರೂಢಿಯಾಗಲಿ ಅಂತ ಕಾರ್ಯಸೂಚಿಗೇ ಸಹಿ ಹಾಕಿಸಿದರು. ಬಿಡುವಾದಾಗ ಅವರ ಜೊತೆ ಬಿಲಿಯರ್ಡ್ಸ್ ಆಡಿದರು. ಒಪ್ಪಂದ ಆಗುವ ಮುಂಚೆಯೇ ಎಲ್ಲರಿಗೂ ನೆನಪಿಗೆ ಕೊಡಲು ಅಲ್ಲಿನವರಿಂದ ಪಿಂಗಾಣಿ ತಟ್ಟೆ ಮಾಡಿಸಿ ಇಟ್ಟಿದ್ದರು! 1949ರ ಫೆಬ್ರವರಿ 24ಕ್ಕೆ ಕದನವಿರಾಮ ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ.

ಎದುರಿಗೆ ಕೂತವರು ಅವರ ಹಳೆಯ ಕಚೇರಿಯನ್ನು ತೂಗಿ ನೋಡಲಿಲ್ಲ ಅಂತಲೇ ನನ್ನ ನಂಬಿಕೆ. ಈ ಕಡೆಯ ಮಾತು ಆ ಕಡೆ ಹೋದಾಗ ಹೇಗೆ ಹೋಯಿತು, ಅದನ್ನು ನೋಡಿರಬೇಕು.

ಆದರೂ ನಿನ್ನ ಭಯ ಸುಳ್ಳು ಅನ್ನಲಾರೆ. ನೊಬೆಲ್ ಬಂದಮೇಲೂ ಬಂಚ್ ಅವರನ್ನು ಕಮ್ಯುನಿಸ್ಟ್ ಎಂದು ಶಂಕಿಸಿದರು. 1954ರಲ್ಲಿ ನೌಕರರ ದೇಶನಿಷ್ಠೆ ವಿಚಾರಿಸುವ ಸ್ವಂತ ದೇಶದ ಮಂಡಳಿಯ ಮುಂದೆ ಉತ್ತರ ಹೇಳಬೇಕಾಯಿತು. ಮಂಡಳಿ ದೋಷಮುಕ್ತ ಎಂದಿತು, ನಿಜ. ಆದರೆ ಅಂಥವರನ್ನೂ ಕೇಳಿದರಲ್ಲ!

ನಾನೂ ಅಂಥ ಕಚೇರಿಯಲ್ಲೇ ಸವೆದವನು. ನಿನ್ನ ದೊಡ್ಡಮ್ಮನಿಗೆ ‘ಫೈಲು ನೋಡೋ ಕೆಲಸ’ ಅಂದಿದ್ದೆ. ಮೊದಮೊದಲು ಕೇಳುತ್ತಿದ್ದಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಈಗ ಹೇಳಬಹುದು, ಅವಳಿಲ್ಲ. ಮೇಜಿನ ಆಚೆಯವರು ನಂಬುತ್ತಾರೋ ಇಲ್ಲವೋ ಎಂದು ನೀನು ಕೇಳಿದ್ದೀಯ, ನನಗೆ ಮನೆಯೊಳಗಿನ ನಂಬಿಕೆಯದೇ ಚಿಂತೆ.

ಬುದ್ಧಿ ಹೇಳುವಷ್ಟು ನನಗೇನೂ ತಿಳಿಯದು. ಗೊತ್ತಿದ್ದೂ ಹೇಳಬಾರದ್ದಿದ್ದರೆ ‘ಹೇಳಲಾರೆ’ ಅನ್ನು, ‘ಗೊತ್ತಿಲ್ಲ’ ಅನ್ನಬೇಡ. ಆ ಹುಡುಗಿಗೂ ಹಾಗೆಯೇ. ಮದುವೆಗೆ ಮುಂಚೆಯೇ, ನಿಯಮ ಬಿಡುವಷ್ಟನ್ನು ನೀನೇ ಕೂರಿಸಿಕೊಂಡು ಹೇಳು. ಅವಳು ಏನಂದಳು ಅಂತ ನನಗೆ ಬರೆ.

ಇಂತಿ,
ದೊಡ್ಡಪ್ಪ