ಭಾನುವಾರದ ಮಾತುಕತೆ: ಹೆಸರು ಬದಲಿಸಿ ನ್ಯಾಟೋ ಸೇರಿದ ದೇಶ

ಗೆಳೆಯರೇ, ಈ ಭಾನುವಾರದ ಮಾತುಕತೆಗೆ ಉತ್ತರ ಮ್ಯಾಸಿಡೋನಿಯಾ ತಗೊಳ್ಳೋಣ. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾದ ಪುಟ್ಟ ದೇಶ. ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟವಾದ ನ್ಯಾಟೋ ಸೇರುವ ದಾರಿಗೆ ಅಡ್ಡ ಬಂದದ್ದು ಹೆಸರು! ಮ್ಯಾಸಿಡೋನಿಯಾ ನಮ್ಮ ಪ್ರಾಂತ್ಯದ ಹೆಸರು ಅಂತ ಪಕ್ಕದ ಗ್ರೀಸ್ ಪಟ್ಟು ಹಿಡಿಯಿತು. 2008ರ ಬುಕಾರೆಸ್ಟ್ ನ್ಯಾಟೋ ಸಭೆಯಲ್ಲಿ ಆಹ್ವಾನ ತಪ್ಪಿಹೋಯಿತು. ಇವರೂ ಬಿಡಲಿಲ್ಲ. 2011ರಲ್ಲಿ ರಾಜಧಾನಿ ಸ್ಕೋಪ್ಯೆಯ ಚೌಕದಲ್ಲಿ ಭಾರಿ ಪ್ರತಿಮೆ ನಿಲ್ಲಿಸಿದರು. ಅಧಿಕೃತವಾಗಿ ಅದು ಬರೀ 'ಕುದುರೆ ಮೇಲಿನ ಯೋಧ'. ಗ್ರೀಸ್ ತನ್ನವನು ಅನ್ನೋ ಪ್ರಾಚೀನ ಮ್ಯಾಸಿಡೋನಿಯಾದ ದೊರೆ ಅಲೆಕ್ಸಾಂಡರ್ ಅಂತ ಎಲ್ಲರಿಗೂ ಗೊತ್ತು, ಅಲ್ವಾ!

ಕೊನೆಗೆ ಗ್ರೀಸ್ ಜೊತೆ ರಾಜಿಗಾಗಿ 2018ರಲ್ಲಿ ಸ್ಕೋಪ್ಯೆ ವಿಮಾನ ನಿಲ್ದಾಣದ ಮೇಲಿದ್ದ ಅಲೆಕ್ಸಾಂಡರ್ ಹೆಸರಿನ ಅಕ್ಷರಗಳನ್ನು ಕಿತ್ತರು. ಅದೇ ವರ್ಷ ಜೂನ್‌ನಲ್ಲಿ ಪ್ರೆಸ್ಪಾ ಸರೋವರದ ದಡದಲ್ಲಿ ಗ್ರೀಸ್ ಜೊತೆ ಒಪ್ಪಂದ. ಹೆಸರಿಗೆ 'ಉತ್ತರ' ಸೇರಿತು. 2020ರ ಮಾರ್ಚ್ 27ರಂದು ನ್ಯಾಟೋದ 30ನೇ ಸದಸ್ಯ ದೇಶವಾಯಿತು.

ಮಾತುಕತೆಗೆ ಬರುವಾಗ ಭೂಪಟ ನೋಡಿಕೊಂಡು ಬನ್ನಿ.