ಕೆಲಸ ಹುಡುಕುತ್ತಿರುವವರು ದಯವಿಟ್ಟು ಓದಿ

ಗೆಳೆಯರೇ, ಕುಡಿತ ಬಿಟ್ಟು ಈಗ ಕೆಲಸ ಹುಡುಕುತ್ತಿರುವವರು ನಮ್ಮ ಗುಂಪಿನಲ್ಲಿ ಕೆಲವರಿದ್ದೀರಿ. ಚಿಕ್ಕಮಗಳೂರು, ಮೂಡಿಗೆರೆ ಕಡೆ ನವೆಂಬರ್ ಕೊನೆಗೆ ಅರೇಬಿಕಾ ಕಾಫಿ ಕೊಯ್ಲು ಶುರುವಾಗುತ್ತದೆ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ, ಹಾಗಾಗಿ ಫೆಬ್ರವರಿವರೆಗೂ ತೋಟಗಳಿಗೆ ಆಳು ಬೇಕೇ ಬೇಕು. ಕೊಯ್ದು ಅಭ್ಯಾಸವಿಲ್ಲದಿದ್ದರೆ ಕಣದಲ್ಲಿ ಕಾಫಿ ಹರವುವುದು, ಮೂಟೆ ತುಂಬುವುದು ಇರುತ್ತದೆ.

ಸೇರುವ ದಿನವೇ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೂಲಿ ಬ್ಯಾಂಕ್ ಖಾತೆಗೆ ಹಾಕಿ ಅಂತ ಕೇಳಿಕೊಳ್ಳಿ. ಬಟವಾಡೆ ದಿನ ಸಂಜೆ ಜೇಬಲ್ಲಿ ದುಡ್ಡು, ಪಕ್ಕದಲ್ಲಿ ಹಳೇ ಜೊತೆಗಾರರು, ದಾರಿಯಲ್ಲೇ ವೈನ್ ಶಾಪ್, ಆ ಒಂದು ಗಂಟೆ ತುಂಬಾ ಕಷ್ಟ ಅಲ್ವಾ. ಅವತ್ತು ಮನೆಯವರು ಯಾರಾದರೂ ಬಂದು ಕರೆದುಕೊಂಡು ಹೋಗಲಿ.

ಇಷ್ಟು ದಿನ ಏನು ಮಾಡುತ್ತಿದ್ದೆ ಅಂತ ಕೇಳಿದರೆ ‘ಆರೋಗ್ಯ ಸರಿ ಇರಲಿಲ್ಲ, ಚಿಕಿತ್ಸೆ ತಗೊಂಡೆ’ ಅಂದರೆ ಸಾಕು. ಅದು ಸುಳ್ಳಲ್ಲ.

ಇನ್ನೂ ದಿನಾ ಕುಡಿಯುತ್ತಿರುವವರು ಕೆಲಸ ಸಿಕ್ಕಿತು ಅಂತ ಮನೆಯಲ್ಲೇ ಏಕಾಏಕಿ ನಿಲ್ಲಿಸಬೇಡಿ. ಮೊದಲ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಹಾಸನದವರು ಅಲ್ಲಿನ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ, ಚಿಕ್ಕಮಗಳೂರಿನವರು ಜಿಲ್ಲಾಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಯಾವ ಹೊತ್ತಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಎಲ್ಲಾದರೂ ಆಳು ಬೇಕು ಅಂತ ಗೊತ್ತಾದರೆ ಇಲ್ಲೇ ಹಾಕಿ. ಗುಂಪಿನಲ್ಲಿ ಹೇಳಿಕೊಳ್ಳಲು ಸಂಕೋಚ ಆದರೆ ನನಗೊಬ್ಬನಿಗೇ ಮೆಸೇಜ್ ಮಾಡಿ.