ಊರಿಗೆ ಬರುವ ದಾರಿಯಲ್ಲಿ ಓದಿಕೋ

ಪ್ರೀತಿಯ ಪುಟ್ಟಿ,

ವಾಟ್ಸಾಪಿನಲ್ಲಿ ಇಷ್ಟುದ್ದ ಬರೆಯುತ್ತಾರಾ ಅಂತ ನಿಮ್ಮಮ್ಮ ನಗುತ್ತಾಳೆ, ನಗಲಿ ಬಿಡು. ಹಿರೋಶಿಮಾದಿಂದ ಟೋಕಿಯೋಗೆ ಬುಲೆಟ್ ರೈಲಿನಲ್ಲೇ ನಾಲ್ಕು ಗಂಟೆ, ಆಮೇಲೆ ವಿಮಾನ ಬೇರೆ. ಓದೋಕೆ ಬೇಕಾದಷ್ಟು ಹೊತ್ತಿದೆ ನಿನಗೆ.

ಮೊನ್ನೆ ಫೋನಿನಲ್ಲಿ ನೀನು ಮ್ಯೂಸಿಯಮ್ಮಿನ ಆ ಮೂರು ಚಕ್ರದ ಸೈಕಲ್ ಬಗ್ಗೆ ಹೇಳ್ತಾ ಹೇಳ್ತಾ ಸುಮ್ಮನಾಗಿಬಿಟ್ಟೆ. ಮೂರು ವರ್ಷದ ಮಗು, 1945ರ ಆಗಸ್ಟ್ 6ರ ಬೆಳಿಗ್ಗೆ ಅದರ ಮೇಲೆ ಆಡುತ್ತಿತ್ತು, ಅದೇ ರಾತ್ರಿ ಹೋಗಿಬಿಟ್ಟಿತು. ಅಪ್ಪ ಮಗುವಿನ ಜೊತೆ ಸೈಕಲ್ಲನ್ನೂ ಹಿತ್ತಲಲ್ಲೇ ಹೂತು, ನಲವತ್ತು ವರ್ಷ ಆದಮೇಲೆ, 1985ರಲ್ಲಿ, ಹೊರಗೆ ತೆಗೆದು ಮ್ಯೂಸಿಯಮ್ಮಿಗೆ ಕೊಟ್ಟರು. ನಲವತ್ತು ವರ್ಷ ಆ ಹಿತ್ತಲನ್ನು ದಿನಾ ನೋಡಿಕೊಂಡು ಹೇಗಿದ್ದರೋ.

ಅದನ್ನು ರೈಲಿನಲ್ಲೇ ಬರೆದಿಡು. ಇಲ್ಲಿಗೆ ಬಂದಮೇಲೆ ಸಿಕ್ಕಸಿಕ್ಕವರೆಲ್ಲ "ಹೇಗಿತ್ತು?" ಅಂತಾರೆ. ನಾಲ್ಕು ಜನಕ್ಕೆ ಹೇಳುವಷ್ಟರಲ್ಲಿ, ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಿದರೆ ಕೇಳುವವರು ಅಯ್ಯೋ ಅಂತಾರೆ, ಎಲ್ಲ ನಿನಗೇ ಗೊತ್ತಾಗಿಬಿಡುತ್ತದೆ, ಆಮೇಲೆ ಕಂಡದ್ದು ಮರೆತು ಹೇಳಿದ್ದಷ್ಟೇ ಉಳಿಯುತ್ತದೆ. ಯುದ್ಧ, ಶಾಂತಿ ಅಂತೆಲ್ಲ ದೊಡ್ಡ ಮಾತು ಬೇಡ, ಸುಮ್ನೆ ಭಾಷಣ ಆಗುತ್ತದೆ. ತುಕ್ಕು ಯಾವ ಬಣ್ಣಕ್ಕಿತ್ತು? ಪಕ್ಕದಲ್ಲಿ ಯಾರು ನಿಂತಿದ್ದರು? ಹೊರಗೆ ಬಂದು ಏನು ತಿಂದೆ? ಹಸಿವಾಗಿದ್ದರೆ ಹಸಿವಾಯಿತು ಅಂತಲೇ ಬರೆ, ಅದರಲ್ಲಿ ನಾಚಿಕೆ ಏನು. ಟ್ರಾಮನ್ನೂ ಬಿಡಬೇಡ. ಬಾಂಬ್ ಬಿದ್ದ ಮೂರೇ ದಿನಕ್ಕೆ ಆ ಊರಿನ ಒಂದು ಕಡೆ ಟ್ರಾಮ್ ಮತ್ತೆ ಓಡಿತು. ನನಗೇನೋ ಸೈಕಲ್‌ಗಿಂತ ಇದೇ ಜಾಸ್ತಿ ತಲೆಯಲ್ಲಿ ಕೂತಿದೆ.

ಏರ್‌ಪೋರ್ಟಿಗೆ ಕಾರು ತರುತ್ತೇನೆ ಅಂತ ನಿಮ್ಮಪ್ಪ ಹಟ ಮಾಡುತ್ತಾರೆ. ಬೇಡ ಅನ್ನು. ವಾಯುವಜ್ರ ಹತ್ತಿ ಕಿಟಕಿ ಪಕ್ಕ ಕೂತು ಮೆಜೆಸ್ಟಿಕ್‌ವರೆಗೆ ಬಾ, ಯಾರೂ ಪ್ರಶ್ನೆ ಕೇಳದ ಕೊನೆಯ ಒಂದು ಗಂಟೆ ಅದು. ಹೆಬ್ಬಾಳದ ಹತ್ತಿರ ಬಸ್ಸು ನಿಂತೇ ನಿಲ್ಲುತ್ತದೆ. ಆಗ "ಜಪಾನಿನಲ್ಲಿ ಹೀಗಿಲ್ಲಪ್ಪ" ಅಂತ ಶುರು ಮಾಡಬೇಡ ಮಾರಾಯ್ತಿ. ಇಲ್ಲಿರುವ ನಾವೂ ಅದನ್ನೇ ದಿನಾ ಬೈಯುತ್ತೇವೆ, ಅದಕ್ಕೆ ಪಾಸ್‌ಪೋರ್ಟ್ ಬೇಕಾಗಿಲ್ಲ.

ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ ಅಲ್ವಾ, ಅಲ್ಲಿ ಏಳು ಗಂಟೆಗೆ ಏಳುತ್ತಿದ್ದವಳಿಗೆ ಇಲ್ಲಿ ಬೆಳಗಿನ ಜಾವ ಮೂರೂವರೆಗೇ ಎಚ್ಚರವಾಗುತ್ತದೆ. ಮೊಬೈಲ್ ಹಿಡಿದು ಹೊರಳಾಡಬೇಡ. ಒಂದು ದಿನ ತಮ್ಮನನ್ನು ಎಬ್ಬಿಸಿಕೊಂಡು ಕೆ.ಆರ್. ಮಾರ್ಕೆಟ್ಟಿಗೆ ಹೋಗು. ಆ ಹೊತ್ತಿಗೆ ಸೇವಂತಿಗೆ, ಚೆಂಡುಹೂವಿನ ಮೂಟೆ ಇಳಿಸುತ್ತಿರುತ್ತಾರೆ, ಕಾಲಡಿ ಪೂರ್ತಿ ಒದ್ದೆ, ಹೊರೆ ಹೊತ್ತವರು "ಸೈಡ್ ಸೈಡ್" ಅಂತ ಮೈಮೇಲೇ ಬರುತ್ತಾರೆ. ಹುಟ್ಟಿದ ಊರನ್ನು ಹೊಸಬಳ ಹಾಗೆ ನೋಡೋಕೆ ನಿನಗೆ ಒಂದು ವಾರ ಸಿಗುತ್ತದೆ, ಅಷ್ಟೇ. ಆಮೇಲೆ ಆಫೀಸು, ಟ್ರಾಫಿಕ್ಕು, ಎಲ್ಲ ಮಾಮೂಲು.

ಎಲ್ಲರಿಗೂ ಚಾಕೊಲೇಟ್ ತರಬೇಕು ಅಂತ ಏರ್‌ಪೋರ್ಟಿನಲ್ಲಿ ದುಡ್ಡು ಸುರಿಯಬೇಡ. ನನಗೆ ಹೇಗೂ ಶುಗರ್ ಇದೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ, ತಿಳಿಸಾರು ಮಾಡಿರುತ್ತೇನೆ. ಹೇಗಿತ್ತು ಅಂತ ನಾನು ಕೇಳೋಲ್ಲ, ಆದರೆ ಆ ಬರೆದ ಪುಸ್ತಕ ತರೋದು ಮರೀಬೇಡ.

ನಿನ್ನ ದೊಡ್ಡಮ್ಮ